ಬೆಳ್ಳಿ ಉಪ್ಪು ಮುಟ್ಟಿ ಓಟು ಕಳೆದುಕೊಂಡಿದ್ದು

ಬಂಗಾರಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟು ಸ್ವಂತ ಕಾಲ ಮೇಲೆ ನಿಂತವನು ನಾನು. ಚೌಕಾಸಿಯಲ್ಲಿ ನನ್ನನ್ನು ಮೀರಿಸಿದವರು ತಾಲ್ಲೂಕಿನಲ್ಲೇ ಇಲ್ಲ. ಆ ಅನುಭವದಿಂದ ಹೇಳುತ್ತೇನೆ, ಕೇಳಿ: ಮಾರುವವನು ಮಾಲಿನ ಗುಣ ಹೇಳಿದರೆ ಅರ್ಧ ನಂಬಿ, ದೋಷ ಹೇಳಿದರೆ ಪೂರ್ತಿ ನಂಬಿ. ಈ ಬುದ್ಧಿ ನನಗೆ ಬಂದದ್ದು ಮಂಡಲ ಪಂಚಾಯಿತಿ ಚುನಾವಣೆಯ ದಿನ.

ನನ್ನ ಹೆಂಡತಿ ರತ್ನಮ್ಮನ ತಮ್ಮ ಮುನಿರಾಜ ನಮ್ಮೂರಿನಿಂದಲೇ ನಿಂತಿದ್ದ. ಭಾರಿ ಪೈಪೋಟಿ. ಅವನು ಗೆದ್ದರೆ ಬೆಳ್ಳಿ ತಟ್ಟೆಯಲ್ಲೇ ಆರತಿ ಎತ್ತಬೇಕೆಂದು ಇವಳ ಆಸೆ. ಅಂಗಡಿ ತುಂಬ ಹಿತ್ತಾಳೆ ತಟ್ಟೆ ಇರುವಾಗ ಬೆಳ್ಳಿ ಕೊಳ್ಳಲು ನನಗೇನು ತಲೆ ಕೆಟ್ಟಿದೆಯೇ? ಒಂದು ಹಿತ್ತಾಳೆ ತಟ್ಟೆಗೇ ಬೆಳ್ಳಿ ಮೆರುಗು ಹತ್ತಿಸಿದರಾಯಿತು!

ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿ ಏಳುಮಲೈ ಎಂಬ ಗೆಳೆಯನಿದ್ದ. ಗಣಿಯ ಲ್ಯಾಬಿನಿಂದ ನಿವೃತ್ತನಾಗಿ ಕನ್ನಡಿ ಮಾಡುತ್ತಿದ್ದ. ಗಾಜಿನ ಹಿಂದೆ ಬೆಳ್ಳಿ ಕೂರಿಸುವ ಸಿಲ್ವರ್ ನೈಟ್ರೇಟ್ ಅವನ ಬಾಯಲ್ಲಿ "ಬೆಳ್ಳಿ ಉಪ್ಪು". ಬದಲಿಗೆ ನನ್ನ ಅಂಗಡಿಯ ಕೊಳಗ ಕೇಳಿದವನನ್ನು ಒಂದು ಚೊಂಬಿಗೆ ಇಳಿಸಿ, ಕಂದು ಸೀಸೆಯಲ್ಲಿ ಒಂದಿಷ್ಟು ಹರಳು ತಂದೆ.

"ಅಣ್ಣಾ, ಗ್ಲೌಸ್ ಇಲ್ದೆ ಮುಟ್ಬೇಡ. ಮೈಗೆ ತಗಲಿ ಬೆಳಕು ಬಿದ್ರೆ ಕಪ್ಪಾಯ್ತದೆ. ಗ್ಲೌಸ್ ನಾನೇ ಕೊಡ್ತೀನಿ," ಎಂದ.

ನಾನು ಒಳಗೊಳಗೇ ನಕ್ಕೆ. ಬೆಳ್ಳಿಯೂ ಬಿಳಿ, ಉಪ್ಪೂ ಬಿಳಿ. ಎರಡೂ ಸೇರಿದರೆ ಕಪ್ಪಾಗುವುದುಂಟೆ? ಗ್ಲೌಸ್ ಹೆಸರಲ್ಲಿ ಇನ್ನೊಂದು ಚೊಂಬು ಎಳೆಯುವ ಉಪಾಯ!

ಓಟಿನ ದಿನ ಬೆಳಗ್ಗೆ ಅಡುಗೆಮನೆಯ ಮಬ್ಬಿನಲ್ಲಿ ಕೂತು, ಹರಳನ್ನು ನೀರಿಗೆ ಹಾಕಿ, ಹತ್ತೂ ಬೆರಳು ಅದ್ದಿ ತಟ್ಟೆ ತಿಕ್ಕಿದೆ. ತಟ್ಟೆ ರೊಟ್ಟಿ ಹೆಂಚಿನಂತಾಯಿತು.

"ಇದ್ರಲ್ಲಿ ಆರ್ತಿ ಎತ್ತಿದ್ರೆ ಗೆದ್ದೋನೂ ರಾಜೀನಾಮೆ ಕೊಟ್ಟಾನು!" ಎಂದಳು ರತ್ನಮ್ಮ. "ಬಿಡಿ ಅತ್ಲಾಗೆ, ಮೊದ್ಲು ಓಗಿ ಓಟಾಕಿ ಬನ್ನಿ."

ಕೈ ಮಾತ್ರ ಸ್ವಚ್ಛವಾಗಿತ್ತು. ಏಳುಮಲೈ ಸುಳ್ಳ ಎಂದು ಅಲ್ಲೇ ತೀರ್ಪು ಕೊಟ್ಟೆ!

ಶಾಲೆಯ ಮುಂದೆ ಉದ್ದನೆಯ ಸಾಲು, ಸುಡುವ ಬಿಸಿಲು. ಅರ್ಧ ಗಂಟೆಗೆ ಬೆರಳ ತುದಿ ಕಂದಾಯಿತು. ಬಾಗಿಲು ತಲುಪುವಷ್ಟರಲ್ಲಿ ಹತ್ತೂ ಬೆರಳು ಇದ್ದಿಲು!

"ಯಾಕಪ್ಪಾ, ಒಲೆ ತೋಡಿ ಬಂದ್ಯಾ?" ಎಂದಳು ಹಿಂದೆ ನಿಂತಿದ್ದ ಅಜ್ಜಿ.

ಉಗುಳು ಹಚ್ಚಿದೆ. ಮಣ್ಣಿನಲ್ಲಿ ಉಜ್ಜಿದೆ. ಪಂಚೆಗೆ ಒರೆಸಿದೆ. ಪಂಚೆ ಹಾಳಾಯಿತು, ಕೈ ಹಾಗೇ ಇತ್ತು.

ಒಳಗೆ ಶಾಯಿ ಹಚ್ಚುವ ಅಧಿಕಾರಿ ನನ್ನ ಎಡಗೈ ನೋಡಿದರು. ಆಮೇಲೆ ಬಲಗೈ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಎಲ್ಲಿ ಹಚ್ಚಲಿ ಸ್ವಾಮಿ? ಜಾಗವೇ ಇಲ್ಲವಲ್ಲ!"

"ಸಾರ್, ಇದು ಶಾಯಿ ಅಲ್ಲ. ಸಿಲ್ವರ್ ನೈಟ್ರೇಟು..."

"ನಮ್ಮ ಶಾಯಿಯಲ್ಲಿರುವುದೂ ಅದೇ!"

ಎದುರು ಅಭ್ಯರ್ಥಿಯ ಏಜೆಂಟ್ ಎದ್ದು ನಿಂತ. "ಅತ್ತು ಬೆರ್ಳು ಸಾರ್! ಅತ್ತು ಓಟು ಆಕವ್ನೆ!"

ಜೀವಮಾನದ ಚೌಕಾಸಿಯನ್ನೆಲ್ಲ ಪ್ರಯೋಗಿಸಿದೆ. ಕೊನೆಗೆ ಕಾಲ್ಬೆರಳನ್ನೂ ಮುಂದಿಟ್ಟೆ! ಅಧಿಕಾರಿ ಬಾಗಿಲು ತೋರಿಸಿದರು.

ಮುನಿರಾಜ ಸೋತ. ಒಂದೇ ಓಟಿನಿಂದ! ಅದು ಯಾರ ಓಟೆಂದು ಊರಲ್ಲಿ ಯಾರೂ ವಿಚಾರಿಸಲಿಲ್ಲ.

"ಬಾವ, ನನ್ ಮೇಲೆ ಏನಾರ ಕ್ವಾಪ ಇತ್ತಾ?" ಎಂದಷ್ಟೇ ಕೇಳಿದ ಮುನಿರಾಜ.

ಎಣಿಕೆ ಮುಗಿದ ಸಂಜೆ ಗೆದ್ದವನ ಮೆರವಣಿಗೆ ತಮಟೆ ಸಮೇತ ನಮ್ಮ ಮನೆ ಮುಂದೆಯೇ ನಿಂತಿತು. ಅವನು ಕೊರಳ ಹಾರ ತೆಗೆದು ನನಗೆ ಹಾಕಿ, "ಎಲ್ಲಾ ನಿಮ್ ದಯೆ ಅಣ್ಣಾ!" ಎಂದು ನಮಸ್ಕರಿಸಿದ. ಮರ್ಯಾದೆಗಾದರೂ ತಿರುಗಿ ಕೈ ಮುಗಿಯಬೇಕಿತ್ತು.

ಸುತ್ತಿಕೊಂಡಿದ್ದ ಟವೆಲಿನಿಂದ ಕೈ ಹೊರಗೆ ತೆಗೆಯುವ ಧೈರ್ಯ ಬರಲಿಲ್ಲ!