ತಮ್ಮನ ಕಿಸೆಯ ಕತ್ತರಿ

ನನ್ನ ತಮ್ಮನ ಕಿಸೆಯಲ್ಲಿ ಪೆನ್ನು ಇರುತ್ತಿರಲಿಲ್ಲ, ಕರ್ಚೀಫಂತೂ ಇಲ್ಲವೇ ಇಲ್ಲ. ಕತ್ತರಿ ಮಾತ್ರ ಸದಾ ಇರುತ್ತಿತ್ತು! ಅವನೇನು ದರ್ಜಿಯೇ? ಅಲ್ಲ, ನಮ್ಮೂರ ಪುರಸಭೆಯ ಅಧ್ಯಕ್ಷ. (ಊರು ಯಾವುದೆಂದು ಕೇಳಬೇಡಿ, ಪ್ಲೀಸ್. ಗದಗಿನ ಬಸ್ಸಿನಲ್ಲಿ ಇನ್ನೂ ನಾನು ಓಡಾಡಬೇಕು.)

ರಿಬ್ಬನ್ ಕಂಡರೆ ಅವನ ಕೈ ನಿಲ್ಲುತ್ತಿರಲಿಲ್ಲ. ಮುಳಗುಂದದ ಮದುವೆಯೊಂದರಲ್ಲಿ ಮದುಮಕ್ಕಳ ಕಾರಿನ ರಿಬ್ಬನ್ನನ್ನೇ ಕತ್ತರಿಸಿ ಚಪ್ಪಾಳೆಗೆ ಕಾದು ನಿಂತ.

"ಮಾಮಾ, ಕಾರು ಬಾಡಿಗೀದ್ರೀ!" ಎಂದ ಮದುಮಗ.

"ಇರಲಿ ಬಿಡೋ ತಮ್ಮಾ, ಉದ್ಘಾಟನಿ ಆತಲ್ಲ!"

ಇಂಥವನು ನಮ್ಮ ಓಣಿಗೆ ಹೊಸ ಪೈಪ್‌ಲೈನ್ ತಂದೆನೆಂದ. ನಳಕ್ಕೆ ಹಾರ, ರಿಬ್ಬನ್, ಮೈಕು, ಭಾಷಣ! ಕತ್ತರಿಸಿದ, ನಳ ತಿರುವಿದ, ನೀರು ಬಂತು. ಎರಡು ಕೊಡ ತುಂಬಿ ನಿಂತಿತು. ಎದುರುಮನೆಯ ಕಾಕು ಗೋಡೆಯ ಹಿಂದೆ ಇಣುಕಿದರು. ಅಲ್ಲೊಂದು ಡ್ರಮ್ಮು, ಅದರಿಂದ ನಳಕ್ಕೊಂದು ರಬ್ಬರ್ ಪೈಪು!

"ಅಧ್ಯಕ್ಷರ, ನಿಮ್ಮ ಹೊಳಿ ಬತ್ತಿ ಹೋತ್ರೀ!"

ನೆಲದೊಳಗೆ ಪೈಪೇ ಇರಲಿಲ್ಲ. ಬಿಲ್ಲು ಮಾತ್ರ ಪಾಸಾಗಿತ್ತು. ಮೋಸ ಸಾಬೀತಾಗಿ ಕೋರ್ಟು ಅವನನ್ನು ಜೈಲಿಗೆ ಕಳಿಸಿತು. ತಪ್ಪು ಅವನದೇ. ಐ ನೆವರ್ ಡಿಫೆಂಡೆಡ್ ಹಿಮ್.

ಶಿಕ್ಷೆ ಮುಗಿಸಿ ಬಂದವನು ನನ್ನ ಮನೆಯಲ್ಲೇ ಉಳಿದ. ಕೂತರೆ ಏಳುತ್ತಾನೆ, ಎದ್ದರೆ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ನೋಡುವ ನನಗೇ ತಲೆ ತಿರುಗಬೇಕು! ಓಣಿಯ ಮೂಲೆಯಲ್ಲೊಂದು ಚಹಾದಂಗಡಿಯ ಓಪನಿಂಗ್ ಇತ್ತು. ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ಕಾದ. ಯಾರೂ ಕರೆಯಲಿಲ್ಲ. ಅತ್ತ ಚಪ್ಪಾಳೆ ಕೇಳಿಸಿತು. ಇತ್ತ ಅಂಗಿ ಬಿಚ್ಚಿ ಮಡಚಿಟ್ಟ. ಆಮೇಲೆ ಹೊಸ್ತಿಲು ದಾಟುವುದನ್ನೇ ಬಿಟ್ಟ. ಇವನನ್ನು ಹೊರಗೆ ತರುವುದು ಹೇಗೆ?

ಮೊನ್ನೆ ಬೋರ್ ಹಾಕಿಸಿ, ಅಂಗಳಕ್ಕೊಂದು ನಳ ತಂದೆ. ಕಾನ್ವೆಂಟಿನ ದಿನಗಳ ನನ್ನ ಕೆಂಪು ರಿಬ್ಬನ್ ಟ್ರಂಕಿನಲ್ಲಿತ್ತು, ಅದನ್ನೇ ಕಟ್ಟಿದೆ.

"ಅಧ್ಯಕ್ಷರ, ಬರ್ರಿ. ಚೀಫ್ ಗೆಸ್ಟ್ ಇಲ್ದ ಕಾರ್ಯಕ್ರಮ ನಿಂತೈತಿ!"

ಬಂದ. ಕತ್ತರಿ ತೆಗೆದ. ಆದರೆ ರಿಬ್ಬನ್ ಮುಟ್ಟಲಿಲ್ಲ. ಗೋಡೆಯ ಹಿಂದೆ ಹೋಗಿ ಇಣುಕಿದ. ಡ್ರಮ್ಮಿಲ್ಲ. ನಳ ತಿರುವಿ ಕೊಡವಿಟ್ಟ; ತುಂಬಿತು. ಇನ್ನೊಂದು ತುಂಬಿತು. ಮೂರನೆಯದೂ ತುಂಬಿತು.

"ನೀರು ನಿಲ್ಲವಲ್ದಲ್ಲ, ಅಕ್ಕಾ..." ಎಂದು ತಾನೇ ನಳ ಬಂದ್ ಮಾಡಿದ.

ಆ ಕೊಡ ಹೆಗಲಿಗೇರಿಸಿ ನೇರ ಎದುರುಮನೆಗೆ ನಡೆದ. ಬಾಗಿಲಲ್ಲಿ ಕಾಕು ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಡ್ರಮ್ಮಿನ ನೀರಲ್ಲ, ಹೌದಿಲ್ಲೋ?"

"ಅಲ್ಲ, ಕಾಕು."

"ಹಂಗಾರ ಹೊರಗ ಯಾಕ ನಿಂತೀ? ಒಳಗ ಬಾ, ಚಾ ಇಡ್ತೀನಿ."

ನಮ್ಮ ನಳದ ರಿಬ್ಬನ್ ಇನ್ನೂ ಹಾಗೇ ಇದೆ.