ಮೂರನೇ ನಂಬರಿನ ರೋಯಿಂಗ್ ಯಂತ್ರದವರು ನಮ್ಮ ಜಗಳ ಕೆಡಿಸಿದ ಬಗ್ಗೆ

ಈಜುಕೊಳದ ಮೇಲ್ಮಹಡಿಯ ವ್ಯಾಯಾಮಶಾಲೆಯಲ್ಲಿ, ಒಂದು ಹನಿ ನೀರೂ ಸೋಕದೆ, ಒಂದು ಗೇಣೂ ಮುಂದೆ ಸಾಗದೆ, ಕೂತವರಿಂದ ದೋಣಿಯ ಹುಟ್ಟು ಹಾಕಿಸುತ್ತ, ಕಿಟಕಿಗೆ ಬೆನ್ನು ಹಾಕಿ ವಿರಾಜಮಾನರಾಗಿರುವ ಮೂರನೇ ನಂಬರಿನ ರೋಯಿಂಗ್ ಯಂತ್ರದವರಿಗೆ, ಎದುರು ರಸ್ತೆಯ ಕನ್ನಡಕದಂಗಡಿಯವಳು ಸೊಂಟ ಬಾಗುವಷ್ಟು ಬಾಗಿ ಮಾಡುವ ವಂದನೆಗಳು. ಇನ್ನೂ ಸ್ವಲ್ಪ ಬಾಗಬೇಕೆಂಬ ಆಸೆಯಿತ್ತು; ಸೊಂಟದ ಈಗಿನ ಸ್ಥಿತಿಗೆ ಯಾರು ಕಾರಣರೆಂಬುದು ತಮಗೇ ತಿಳಿದಿರುವುದರಿಂದ ತಾವು ಅನ್ಯಥಾ ಭಾವಿಸಲಾರಿರಿ ಎಂದು ನಂಬಿದ್ದೇನೆ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರಿ ಎಂಬುದನ್ನು ಕೇಳಿ ತಿಳಿಯಬೇಕಾದ ಅಗತ್ಯವಿಲ್ಲ. ತಮ್ಮ ಸರಪಳಿಗೆ ಎಣ್ಣೆ, ಆಸನಕ್ಕೆ ಒರೆಸುವ ಬಟ್ಟೆ, ಪರದೆಗೆ ಹೊಸ ಬ್ಯಾಟರಿ ಕಾಲಕಾಲಕ್ಕೆ ಸಲ್ಲುತ್ತಿರುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನನ್ನ ಮನೆಯಲ್ಲಿ ನನಗೆ ಇದರ ಅರ್ಧ ಆರೈಕೆ ಸಿಕ್ಕಿದ್ದರೂ ಡಾಕ್ಟರು ನನ್ನನ್ನು ತಮ್ಮ ಬಳಿಗೆ ಕಳಿಸುವ ಪ್ರಮೇಯ ಬರುತ್ತಿರಲಿಲ್ಲ.

ನನ್ನದು ಒಂದೇ ದೂರು. ಅಂಗೈಯ ಬೊಬ್ಬೆ, ಮೆಟ್ಟಿಲಿಳಿಯುವಾಗ ಮೊಣಕಾಲು ಹೊರಡಿಸುವ ಸಂಗೀತ, ರಾತ್ರಿ ನಿದ್ದೆಯಲ್ಲೂ ಹೊದಿಕೆಯನ್ನು ಎರಡೂ ಕೈಯಿಂದ ಎದೆಗೆಳೆದುಕೊಂಡು ಪಕ್ಕದಲ್ಲಿರುವ ಗಂಡನನ್ನು ಚಳಿಯಲ್ಲಿ ನಡುಗಿಸುವ ಹೊಸ ಅಭ್ಯಾಸ, ಇವೆಲ್ಲವನ್ನೂ ತಮ್ಮ ಕೃಪೆಯೆಂದೇ ಸ್ವೀಕರಿಸಿದ್ದೇನೆ. ಆದರೆ ವರ್ಷಗಟ್ಟಲೆ ನಾನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದ ಒಂದು ಜಗಳವನ್ನು ತಾವು ಒಂದೇ ಸಂಜೆಯಲ್ಲಿ ಮಣ್ಣುಪಾಲು ಮಾಡಿದಿರಲ್ಲ, ಅದನ್ನು ಮಾತ್ರ ಹೇಗೆ ಸಹಿಸಲಿ?

ಅದು ಅಂತಿಂಥ ಜಗಳವಲ್ಲ, ಮಾನ್ಯರೇ. ನನಗೂ ನನ್ನ ಓರಗಿತ್ತಿಗೂ ನಡುವಿನದು. ಓರಗಿತ್ತಿಯೆಂದರೆ ನನ್ನ ಮೈದುನನ ಹೆಂಡತಿ, ಊರಿಗೆಲ್ಲ ಕಾರು ಓಡಿಸಲು ಕಲಿಸುವ ಡ್ರೈವಿಂಗ್ ಸ್ಕೂಲಿನ ಒಡತಿ. ನಮ್ಮತ್ತೆ ದೊಡ್ಡ ಮನೆ ಬಿಟ್ಟು ಎರಡು ಕೋಣೆಯ ಫ್ಲ್ಯಾಟಿಗೆ ಹೋಗುವಾಗ, ಮೂವರು ಕೂರುವ ತಮ್ಮ ಹಳೆಯ ಮರದ ಸೋಫಾ ಹಿರಿಸೊಸೆಗೇ ಎಂದು ನಾಲ್ಕು ಜನರ ಮುಂದೆ ಹೇಳಿದ್ದರು. ಹಿರಿಸೊಸೆಯಾದ ನಾನು ನಡುಮನೆಯಲ್ಲಿದ್ದ ಕುರ್ಚಿಗಳನ್ನೆಲ್ಲ ಯಾರಿಗೋ ಎತ್ತಿಕೊಟ್ಟು, ಸೋಫಾಕ್ಕೆ ಹೊಂದುವ ಬಣ್ಣವನ್ನು ಗೋಡೆಗೆ ಬಳಿಸಿ, ನೆಲದ ಮೇಲೆ ಕೂತು ಕಾದೆ. ಸೋಫಾ ಬರಲಿಲ್ಲ. ಅದು ಓರಗಿತ್ತಿಯ ಮನೆಗೆ ಹೋಯಿತೆಂದೂ, ಅಲ್ಲಿ ಬಾಗಿಲಲ್ಲಿ ಹಿಡಿಸದೆ ಇದ್ದುದರಿಂದ ನಾಲ್ಕೂ ಕಾಲುಗಳನ್ನು ಬಡಗಿಯಿಂದ ಗರಗಸದಲ್ಲಿ ಕೊಯ್ಯಿಸಿ ಒಳಗೆ ತೂರಿಸಿದರೆಂದೂ ಸುದ್ದಿ ಬಂತು. ಅತ್ತೆಯನ್ನು ಕೇಳಿದರೆ, "ಏನ್ ಮಾಡ್ಲಮ್ಮಾ, ಅವಳೇ ಹಟ ಮಾಡಿ ತಗೊಂಡೋದ್ಲು" ಎಂದು ಕಣ್ಣೊರೆಸಿಕೊಂಡರು. ಸೋಫಾ ಕೈತಪ್ಪಿದ್ದನ್ನು ಹೇಗೋ ಮರೆಯಬಹುದಿತ್ತು. ಕಾಲು ಕೊಯ್ದದ್ದನ್ನು ಮರೆಯುವುದಕ್ಕೆ ನಾನೇನು ಕಲ್ಲೇ?

ಅಂದಿನಿಂದ ಮಾತು ಬಿಟ್ಟೆವು. ಇಂಥ ಜಗಳವನ್ನು ಕೆಡದಂತೆ ಕಾಪಾಡಲು ಎಷ್ಟು ದುಡಿಮೆ ಬೇಕೆಂಬುದು ತಮ್ಮಂಥ ಒಂಟಿಜೀವಕ್ಕೆ ತಿಳಿಯದು. ಕುಟುಂಬದ ಫೋಟೋ ತೆಗೆಯುವಾಗ ನಾನೊಂದು ತುದಿಗೆ, ಅವಳೊಂದು ತುದಿಗೆ ನಿಂತು ಒಬ್ಬರಿಂದೊಬ್ಬರು ಸರಿಯುತ್ತ ಹೋಗುತ್ತಿದ್ದುದರಿಂದ ಫೋಟೋದವನು ಹಿಂದೆ ಹಿಂದೆ ನಡೆದು ರಸ್ತೆಗಿಳಿಯಬೇಕಾಗುತ್ತಿತ್ತು. ಅವಳ ಕಾರು ನನ್ನ ಅಂಗಡಿಯ ಮುಂದೆ ಹಾದಾಗ ಬಾರಿಸುತ್ತಿದ್ದ ಹಾರನ್ನು, ಕಲಿಯುವವರು ಗಾಬರಿಯಲ್ಲಿ ಒತ್ತಿದ್ದೆಂದು ಬೇರೆಯವರು ತಿಳಿಯುತ್ತಿದ್ದರು. ಅದು ನನ್ನನ್ನೇ ಕುರಿತದ್ದೆಂದು ನನಗೆ ಗೊತ್ತಿತ್ತು. ಅಣ್ಣತಮ್ಮಂದಿರಿಬ್ಬರು ಕದ್ದುಮುಚ್ಚಿ ಕ್ಷೌರದಂಗಡಿಯಲ್ಲಿ ಭೇಟಿಯಾಗುತ್ತಿದ್ದರು. ನನ್ನ ಗಂಡನ ತಲೆಯಲ್ಲಿ ಉಳಿದಿರುವ ಕೂದಲಿಗೆ ವಾರಕ್ಕೊಂದು ಕ್ಷೌರ ಏಕೆ ಬೇಕೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆದಿರುವಾಗ ಡಾಕ್ಟರ ಮಾತು ಕೇಳಿ ನಾನು ತಮ್ಮ ಮಹಡಿ ಹತ್ತಿದೆ. ಅಲ್ಲಿನ ತರಬೇತುದಾರರು ಕಾಫಿ ತರಿಸಲೂ ಸೀಟಿ ಊದುವವರಾದ್ದರಿಂದ ಅವರನ್ನು ಎಲ್ಲರೂ ಸೀಟಿ ಸರ್ ಎನ್ನುತ್ತಾರೆ. ಋತುವಿಗೊಂದರಂತೆ ನಡೆಯುವ ಪಂದ್ಯಕ್ಕೆ ಅವರು ನಾಲ್ಕು ನಾಲ್ಕು ಜನರ ತಂಡ ಕಟ್ಟಿದರು. ಒಂದೊಂದು ತಂಡವೂ ಒಂದೂವರೆ ತಿಂಗಳೊಳಗೆ ಒಟ್ಟು ಐದು ಲಕ್ಷ ಮೀಟರು ಎಳೆಯಬೇಕು. ನನ್ನ ತಂಡಕ್ಕೆ ಮೂಲೆಯ ಬೇಕರಿಯ ಯಜಮಾನರು ಬಂದರು, ರೈಲಿನಲ್ಲಿ ಟಿಕೆಟ್ ಪರೀಕ್ಷಿಸಿ ನಿವೃತ್ತರಾದ ಹಿರಿಯರೊಬ್ಬರು ಬಂದರು. ನಾಲ್ಕನೆಯವಳಾಗಿ ಬಾಗಿಲಲ್ಲಿ ನಿಂತವಳು ನನ್ನ ಓರಗಿತ್ತಿ. "ಇಬ್ಬರದೂ ಒಂದೇ ಮನೆತನದ ಹೆಸರು ನೋಡಿ, ಚೆನ್ನಾಗಿ ಹೊಂದ್ಕೊಳ್ತೀರಿ ಅಂತ ಸೇರಿಸ್ದೆ" ಎಂದು ಸೀಟಿ ಸರ್ ಹಲ್ಲು ಕಿರಿದರು. ನನ್ನನ್ನು ತಮ್ಮ ಮೇಲೆ ಕೂರಿಸಿ, ಅವಳನ್ನು ಪಕ್ಕದ ನಾಲ್ಕನೇ ನಂಬರಿನವರ ಮೇಲೆ ಕೂರಿಸಿದರು.

ಎದ್ದು ಹೋಗಬಹುದಿತ್ತಲ್ಲ ಎಂದು ತಾವು ಕೇಳಬಹುದು. ಅವಳು ಮೊದಲು ಏಳಲಿ ಎಂದು ನಾನು ಕಾದೆ, ನಾನು ಏಳಲಿ ಎಂದು ಅವಳು ಕಾದಳು. ಕಾಯುತ್ತ ಕಾಯುತ್ತ ಇಬ್ಬರೂ ಸಾವಿರ ಮೀಟರು ಎಳೆದುಬಿಟ್ಟೆವು.

ಇನ್ನು ಅಲ್ಲಿಯ ನಿಯಮವೋ, ತಂಡದವರು ಒಬ್ಬರನ್ನೊಬ್ಬರು ಬಾಯ್ತುಂಬ ಹುರಿದುಂಬಿಸಬೇಕು. ಸುಮ್ಮನಿದ್ದವರ ಕಿವಿಯಲ್ಲಿ ಸೀಟಿ. ಬೇಕರಿ ಯಜಮಾನರಿಗೆ ಗೊತ್ತಿದ್ದ ಉತ್ತೇಜನ ಒಂದೇ: "ಉಬ್ತಾ ಇದೆ! ಉಬ್ತಾ ಇದೆ! ಇನ್ನೊಂಚೂರು ಕಾವು!" ಟಿಕೆಟ್ ಹಿರಿಯರು ನೂರು ನೂರು ಮೀಟರಿಗೆ ಗಂಟಲು ಸರಿಮಾಡಿಕೊಂಡು, "ಮುಂದಿನ ನಿಲ್ದಾಣ ಹತ್ತಿರ ಬಂತು, ಇಲ್ಲಿ ಯಾರೂ ಇಳಿಯೋ ಹಾಗಿಲ್ಲ" ಎಂದು ಘೋಷಿಸುತ್ತಿದ್ದರು. ಓರಗಿತ್ತಿ ಅವರಿಬ್ಬರಿಗೆ, "ಬ್ರೇಕ್ ಮೇಲಿಂದ ಕಾಲು ತೆಗೀರಿ, ಗೇರ್ ಬದಲಾಯಿಸಿ" ಎಂದು ಕೂಗುತ್ತಿದ್ದಳು. ನಾನು ನನ್ನ ವೃತ್ತಿಗೆ ತಕ್ಕಂತೆ, "ಈಗ ಕಾಣಿಸ್ತಿದೆಯಾ? ಈಗ? ಈಗ ಗುರಿ ಚೆನ್ನಾಗಿ ಕಾಣಿಸ್ತಿದೆಯಾ?" ಎನ್ನುತ್ತಿದ್ದೆ. ನಮ್ಮಿಬ್ಬರ ನಡುವೆ ಮಾತ್ರ ಬೇಕರಿ ಯಜಮಾನರೇ ಅಂಚೆ.

"ಅವರಿಗೆ ಹೇಳಿ, ಬೆನ್ನು ನೇರ ಇಟ್ಕೊಳ್ಳೋಕೆ" ಎಂದು ಅವಳು ಅವರಿಗೆ ಹೇಳುವಳು.

"ಅವರ ಬೆನ್ನು ಅವರು ನೋಡ್ಕೊಂಡ್ರೆ ಸಾಕಂತೆ ಅನ್ನಿ" ಎಂದು ನಾನು.

ಪಾಪದ ಮನುಷ್ಯ ಅವಳತ್ತಲೂ ನನ್ನತ್ತಲೂ ತಿರುಗಿ ತಿರುಗಿ, ಕೊನೆಗೆ, "ನೋಡ್ರಮ್ಮಾ, ನಾನು ಎಳೆಯೋಕೆ ಬಂದಿರೋದು, ನನ್ನನ್ನ ಯಾಕೆ ಎಳೀತೀರಿ?" ಎಂದರು.

ಆದರೂ ಮೀಟರುಗಳು ಏರುತ್ತಿದ್ದವು, ಮಾನ್ಯರೇ, ಮತ್ತು ತಮ್ಮ ಸಂಚು ನನ್ನ ಗಮನಕ್ಕೆ ಬರಲಿಲ್ಲ. ಅವಳು ಹತ್ತು ಮೀಟರು ಮುಂದೆ ಹೋದರೆ ನನಗೆ ಊಟ ಸೇರುತ್ತಿರಲಿಲ್ಲ. ನಾನು ಮುಂದೆ ಹೋದ ದಿನ ಅವಳ ಶಿಷ್ಯರಿಗೆ ಬೈಗುಳ ಹೆಚ್ಚು ಸಿಗುತ್ತಿತ್ತಂತೆ. ಒಂದು ದಿನ ನನ್ನ ಪಾದವನ್ನು ತಮಗೆ ಬಿಗಿಯುವ ಪಟ್ಟಿ ಸಡಿಲವಾದಾಗ ಅವಳು ಮುಖ ಅತ್ತ ತಿರುಗಿಸಿಕೊಂಡೇ ಬಗ್ಗಿ ಬಿಗಿದಳು. ನಾನೂ ಮುಖ ಇತ್ತ ತಿರುಗಿಸಿಕೊಂಡೇ ಅವಳ ನೀರಿನ ಬಾಟಲಿ ತುಂಬಿಸಿಟ್ಟೆ. ಇದು ತಂಡದ ಕೆಲಸ, ಜಗಳಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಮನೆಗೆ ಹೋಗಿ ಗಂಡನಿಗೆ ಎರಡು ಸಲ ಹೇಳಿದೆ. ಅವರು ಏನೂ ಕೇಳಿರಲಿಲ್ಲ.

ಗಡುವು ಮುಗಿಯುವ ವಾರದಲ್ಲಿ ಬೇಕರಿ ಯಜಮಾನರು ಕಾದ ತಟ್ಟೆಯನ್ನು ಬರಿಗೈಯಲ್ಲಿ ಹಿಡಿದು ಅಂಗೈ ಸುಟ್ಟುಕೊಂಡರು. ಕೈಗೆ ಬಾತುಕೋಳಿಯಷ್ಟು ದೊಡ್ಡ ಬ್ಯಾಂಡೇಜು ಕಟ್ಟಿಸಿಕೊಂಡು ಬಂದು, "ನನ್ನಿಂದ ಎಲ್ರಿಗೂ ಮೋಸ ಆಯ್ತು" ಎಂದು ಕುಸಿದು ಕೂತರು. ಅವರ ಪಾಲನ್ನು ನಾವು ಮೂವರು ಹಂಚಿಕೊಂಡೆವು. ಕೊನೆಯ ಸಂಜೆ ಹಿರಿಯರು ತಮ್ಮ ಪಾಲು ಮುಗಿಸಿ ಚಾಪೆಯ ಮೇಲೆ ಉದ್ದಕ್ಕೆ ಮಲಗಿ ಅಲ್ಲಿಂದಲೇ ಘೋಷಣೆ ಮುಂದುವರಿಸಿದರು. ಉಳಿದದ್ದು ನಾವಿಬ್ಬರು, ಮೂರನೇ ನಂಬರು ಮತ್ತು ನಾಲ್ಕನೇ ನಂಬರು.

ಗುರಿಗೆ ಇನ್ನೆರಡು ಸಾವಿರವಿರುವಾಗ ನನ್ನ ಕೈ ಸೋತಿತು. ತೋಳು ನನ್ನದೆಂದು ಅನ್ನಿಸಲೇ ಇಲ್ಲ. ಹಿಡಿ ಬಿಟ್ಟೆ. ಪಟ್ಟಿ ಬಿಚ್ಚಲು ಬಗ್ಗಿದೆ. "ಉಬ್ತಾ ಇದೆ ತಾಯೀ!" ಎಂದು ಬೇಕರಿಯವರು ಅಳುವ ದನಿಯಲ್ಲಿ ಕೂಗಿದರು. ಉಬ್ಬಿದ್ದು ನನ್ನ ಮೊಣಕಾಲು ಮಾತ್ರ. ಆಗ ಪಕ್ಕದಿಂದ, ಕತ್ತು ತಿರುಗಿಸದೆ, ಲಯ ತಪ್ಪಿಸದೆ, ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನೇರ ನನ್ನ ಕಿವಿಗೆ ಒಂದು ಮಾತು ಬಂದು ಬಿತ್ತು:

"ಆ ಸೋಫಾ ಕಾಲು ಕೊಯ್ದಿದ್ದು ಬಡಗಿ ಅಲ್ಲ ಅಕ್ಕಾ. ನಾನೇ. ನನ್ನ ಕೈಯಾರೆ."

ನನ್ನ ಕೈಗೆ ಹಿಡಿ ಹೇಗೆ ಮತ್ತೆ ಬಂತೋ ತಿಳಿಯದು. ಎಳೆದೆ.

"ಮೊದಲು ಮುಂದಿನ ಎಡಗಾಲು! ಗಟ್ಟಿ ಮರ, ಬೇಗ ತುಂಡಾಗ್ಲಿಲ್ಲ!"

ಎಳೆದೆ. ತಮ್ಮ ಪರದೆಯ ಮೇಲೆ ನಾನು ಹಿಂದೆಂದೂ ಕಾಣದ ಅಂಕಿಗಳು ಕುಣಿದವು.

"ಆಮೇಲೆ ಬಲಗಾಲು! ಕರಕರ ಅಂತ ಸದ್ದು ಬಂತು!"

ಸೀಟಿ ಸರ್ ಬಾಯಿಂದ ಸೀಟಿ ಕೆಳಗೆ ಬಿತ್ತು. ನಾಲ್ಕನೇ ಕಾಲಿನ ಹೊತ್ತಿಗೆ ಕೂಗಿ ಕೂಗಿ ಅವಳದೇ ಉಸಿರು ಕಟ್ಟಿ ಅವಳ ವೇಗ ಇಳಿಯಿತು. ತಂಡದ ಧರ್ಮ ಎಂದು ನಾನೂ ಬಾಯಿ ತೆಗೆದೆ. "ಆ ಸೋಫಾದಲ್ಲಿ ಕೂತ ನೆಂಟರು ಏಳೋಕಾಗದೆ ಬಸ್ಸು ತಪ್ಪಿಸ್ಕೊಳ್ತಾರಂತೆ!"

"ಸುಳ್ಳು!" ಎಂದು ಅವಳು ಎಳೆದಳು.

"ಮೈದುನ ಕಂಕುಳಿಗೆ ಕೈ ಹಾಕಿ ಎಬ್ಬಿಸಬೇಕಂತೆ!"

"ಅದು ಒಂದೇ ಸಲ!" ಎಂದು ಇನ್ನೂ ಜೋರಾಗಿ ಎಳೆದಳು. ಮತ್ತೆ ಕಿರುಚಿದಳು, "ಕೊಯ್ಯೋವಾಗ ಸೋಫಾ ಅಲ್ಲಾಡದ ಹಾಗೆ ಹಿಡ್ಕೊಂಡಿದ್ದು ಯಾರು ಗೊತ್ತಾ?"

ನಾನು ನಿಲ್ಲಿಸಿಬಿಟ್ಟೆ. "ಯಾರು?"

"ಎಳೀತಾ ಇದ್ರೆ ಹೇಳ್ತೀನಿ!"

ಎಳೆದೆ.

"ಅತ್ತೆ! 'ದೊಡ್ಡವಳಿಗೆ ಬೇಡ್ವಂತೆ, ನೀನೇ ಇಟ್ಕೋ' ಅಂತ ಅವರೇ ಹೊರಿಸಿದ್ದು! ನೀವು ಬೇಡ ಅಂದ್ರಂತೆ!"

"ನಾನೆಲ್ಲಿ ಬೇಡ ಅಂದೆ? ನೆಲದ ಮೇಲೆ ಕೂತು ಕಾದಿದೀನಿ ಕಣೇ!"

"ನಂಗೇನ್ ಗೊತ್ತು? ನೀವು ಕೇಳಿದ್ರೆ ತಾನೇ!"

"ನೀನು ಹೇಳಿದ್ರೆ ತಾನೇ!"

ಈ ವಿಚಾರಣೆಯ ನಡುವೆ ಐದು ಲಕ್ಷದ ಗುರಿ ಯಾವಾಗ ದಾಟಿತೋ ಇಬ್ಬರಿಗೂ ತಿಳಿಯಲಿಲ್ಲ. ಸೀಟಿ ಸರ್ ನೆಲದಿಂದ ಸೀಟಿ ಹುಡುಕಿ ತೆಗೆದು ಊದಿದರೂ ನಿಲ್ಲಿಸಲಿಲ್ಲ. ಕೊನೆಗೆ ಹಿರಿಯರು ಚಾಪೆಯಿಂದೆದ್ದು ಬಂದು, ಜೀವಮಾನವಿಡೀ ರೂಢಿಸಿಕೊಂಡಿದ್ದ ದನಿಯಲ್ಲಿ, "ಅಮ್ಮಂದಿರೇ, ಗಾಡಿ ನಿಂತಾಗಿದೆ, ದಯವಿಟ್ಟು ಇಳೀರಿ" ಎಂದರು. ನಾವು ಇಳಿಯಲಿಲ್ಲ, ಉರುಳಿದೆವು. ನೆಲದ ಮೇಲೆ ಬಿದ್ದು ಅವಳ ಕೆಂಪು ಮುಖ ನೋಡಿ ನನಗೆ ನಗು ಬಂತು. ನನ್ನ ನಗು ನೋಡಿ ಅವಳಿಗೆ ಬಂತು. ಪಕ್ಕೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು, ನಿಲ್ಲಿಸೋಣವೆಂದರೂ ನಿಲ್ಲದಂತೆ ನಕ್ಕೆವು. ಬೇಕರಿ ಯಜಮಾನರು ಬ್ಯಾಂಡೇಜಿನ ಕೈಯಲ್ಲೇ ಚಪ್ಪಾಳೆ ತಟ್ಟಿ, ಆಮೇಲೆ "ಅಯ್ಯೋ" ಎಂದರು.

ಐದು ತಂಡಗಳಲ್ಲಿ ನಾವು ನಾಲ್ಕನೆಯವರಾದೆವು. ಅದು ಅಂದು ಯಾರಿಗೆ ಬೇಕಿತ್ತು?

ಅದೇ ಬೆವರಿನಲ್ಲಿ, ಅದೇ ಬೂಟಿನಲ್ಲಿ ಇಬ್ಬರೂ ಅತ್ತೆಯ ಫ್ಲ್ಯಾಟಿಗೆ ಹೋಗಿ ಒಟ್ಟಿಗೇ ಬಾಗಿಲು ತಟ್ಟಿದೆವು. ಬಾಗಿಲು ತೆರೆದ ಅತ್ತೆ ನಮ್ಮಿಬ್ಬರನ್ನು ಮೇಲಿಂದ ಕೆಳಗೆ ನೋಡಿ, ಟಿವಿಯ ದನಿ ತಗ್ಗಿಸಿ, ಒಂದಿಷ್ಟೂ ನಾಚದೆ ಹೇಳಿದರು: "ಅವಳ ಮನೇಲಿ ಮಧ್ಯಾಹ್ನ ನಂಗೆ ಒಳ್ಳೆ ನಿದ್ದೆ ಬರುತ್ತೆ, ಅದಕ್ಕೇ ಸೋಫಾ ಅಲ್ಲಿರಲಿ ಅಂದ್ಕೊಂಡೆ. ಇನ್ನು ಜಗಳ... ನೀವಿಬ್ರೂ ಚೆನ್ನಾಗಿದ್ದಿದ್ರೆ ಇಬ್ರೂ ಸೇರಿ ನನ್ನನ್ನ ಮರೀತಿದ್ರಿ. ಮಾತು ಬಿಟ್ಟಿದ್ದಕ್ಕೆ ತಾನೇ ಒಬ್ಬಳಿಗಿಂತ ಒಬ್ಬಳು ಹೆಚ್ಚು ನೋಡ್ಕೊಂಡ್ರಿ?"

ಓರಗಿತ್ತಿ ಬೂಟು ಕಳಚಿಟ್ಟು, "ಮರೆಯಲ್ಲ ಅತ್ತೆ" ಎಂದಳು. ನಾನು, "ಮರೆಯೋಕೆ ನೀವು ಬಿಟ್ರೆ ತಾನೇ" ಎಂದೆ. ಮೂವರೂ ಅಲ್ಲೇ ಊಟ ಮಾಡಿದೆವು; ಅತ್ತೆ ಬಡಿಸಿದರು, ಅದೂ ಎಷ್ಟೋ ವರ್ಷಗಳ ಮೇಲೆ.

ಮಾನ್ಯರೇ, ಇದರಿಂದ ನನಗಾದ ನಷ್ಟವನ್ನು ತಾವು ಶಾಂತಚಿತ್ತರಾಗಿ ಪರಿಶೀಲಿಸಬೇಕು. ನೆಂಟರೊಂದಿಗೆ ಮಾತಾಡಲು ನನಗೀಗ ವಿಷಯವೇ ಇಲ್ಲ. ಓರಗಿತ್ತಿ ದಿನವೂ ನನ್ನ ಅಂಗಡಿಗೆ ಬಂದು, ಕಣ್ಣು ಪರೀಕ್ಷಿಸುವ ಕುರ್ಚಿಯಲ್ಲೇ ಕೂತು, ಗೋಡೆಯ ಮೇಲಿನ ಅಕ್ಷರಗಳನ್ನು ಗಿರಾಕಿಗಳಿಗಿಂತ ಮೊದಲೇ ಓದಿ ನನ್ನ ವ್ಯಾಪಾರ ಕೆಡಿಸುತ್ತಾಳೆ. ಅಣ್ಣತಮ್ಮಂದಿರಿಗೆ ಬಹಿರಂಗವಾಗಿ ಭೇಟಿಯಾಗುವುದರಲ್ಲಿ ರುಚಿಯೇ ಇಲ್ಲವಂತೆ. ಕ್ಷೌರದವರೂ ಇವರು ಬರುತ್ತಿಲ್ಲವೆಂದು ಹೇಳಿಕಳಿಸಿದ್ದಾರೆ.

ಆದಕಾರಣ ತಾವು ದಯವಿಟ್ಟು ನನ್ನ ಜಗಳವನ್ನು ಪಡೆದಾಗ ಇದ್ದ ಸ್ಥಿತಿಯಲ್ಲೇ ಹಿಂದಿರುಗಿಸಬೇಕೆಂದು ಕೋರುತ್ತೇನೆ. ಅದಾಗದಿದ್ದರೆ, ಐದು ಲಕ್ಷ ಮೀಟರಿಗೆ ಪ್ರತಿಯಾಗಿ ಕನಿಷ್ಠ ಐದು ಮೀಟರಾದರೂ ತಾವು ಖುದ್ದಾಗಿ ಮುಂದೆ ಸರಿದು ತೋರಿಸಬೇಕು, ನಾವೂ ಎಲ್ಲಿಗೋ ಹೋದೆವೆಂದು ಮನಸ್ಸಿಗೆ ಸಮಾಧಾನವಾಗಲಿ. ಕೆಳಗೆ ಇರುವ ಅಷ್ಟು ದೊಡ್ಡ ಕೊಳದಿಂದ ಒಂದು ಬಕೆಟ್ ನೀರನ್ನಾದರೂ ತರಿಸಿ ತಮ್ಮ ಸುತ್ತ ಚೆಲ್ಲಿಸಿಕೊಂಡರೆ ದೋಣಿಯ ಮರ್ಯಾದೆಯೂ ಉಳಿದೀತು. ದಣಿದವರು ತಮ್ಮ ಪರದೆಯತ್ತ ನೋಡಿದಾಗ ನಿರ್ದಾಕ್ಷಿಣ್ಯವಾಗಿ ನಿಜ ಹೇಳುವ ಕೆಟ್ಟ ಚಾಳಿಯನ್ನು ಬಿಟ್ಟು, ಸಭ್ಯರು ಮಾಡುವಂತೆ ಒಂದು ನೂರಿನ್ನೂರು ಸೇರಿಸಿ ಹೇಳುವುದನ್ನು ಕಲಿಯಬೇಕು. ಮುಂದಿನ ಕುಟುಂಬದ ಫೋಟೋಗೆ ತಾವು ಬರಲೇಬೇಕು. ನಾವಿಬ್ಬರು ನಡುವೆ ತಮಗೆ ಜಾಗ ಬಿಟ್ಟು ಅಕ್ಕಪಕ್ಕ ನಿಲ್ಲುತ್ತೇವೆ.

ಇಷ್ಟು ವಿಜ್ಞಾಪಿಸಿ, ಕಾಲಿನ ಪಟ್ಟಿ ಬಿಗಿದುಕೊಂಡು ತಮ್ಮ ಅಪ್ಪಣೆಗಾಗಿ ಕಾದಿರುವ,

ತಮ್ಮ ವಿಶ್ವಾಸಿ, ಸೊಂಟವೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ತಮ್ಮವಳೇ,
ಎದುರು ರಸ್ತೆಯ ಕನ್ನಡಕದಂಗಡಿಯವಳು

ವಿ.ಸೂ.: ಈ ಪತ್ರವನ್ನು ಮುಗಿಸುವಷ್ಟರಲ್ಲಿ ನನಗೂ ಓರಗಿತ್ತಿಗೂ ಮತ್ತೆ ಮಾತು ನಿಂತಿದೆ. ಮುಂದಿನ ಪಂದ್ಯಕ್ಕೆ ನನ್ನನ್ನು ಕೇಳದೆಯೇ ನಮ್ಮ ಹೆಸರು ಕೊಟ್ಟಿದ್ದಲ್ಲದೆ, ಗುರಿಯನ್ನು ಹತ್ತು ಲಕ್ಷ ಮಾಡಿಸಿಕೊಂಡು ಬಂದಿದ್ದಾಳೆ. ಹಳೆಯ ಜಗಳಕ್ಕೆ ವರ್ಷಗಟ್ಟಲೆ ಬಿಡುವಿತ್ತು. ಸಂಜೆ ಆರಕ್ಕೆ ಅಭ್ಯಾಸವಿರುವುದರಿಂದ ಈ ಜಗಳವನ್ನು ಅಷ್ಟರೊಳಗೆ ಮುಗಿಸಬೇಕಾಗಿದೆ. ಇಷ್ಟು ಅವಸರದಲ್ಲಿ ಒಂದು ಒಳ್ಳೆಯ ಜಗಳ ಆಡುವುದು ಹೇಗೆಂದು, ಎಲ್ಲಿಗೂ ಹೋಗದೆ ಸದಾ ಅವಸರದಲ್ಲಿರುವ ತಾವಾದರೂ ತಿಳಿಸಿಕೊಡುವಿರಾ?