ಎರಡು ಊದುಬತ್ತಿಗೆ ನಾನೇ ಸಾಕ್ಷಿ

ನಾನು ಹೊಗೆಯನ್ನು ನಂಬಿ ಹೊಟ್ಟೆ ಹೊರೆಯುವವನು. ಹೀಗೆಂದ ಕೂಡಲೇ ನೆಂಟರು ಕೇಳುತ್ತಾರೆ: "ಪೆಟ್ರೋಲ್ ಬಂಕ್ ಪಕ್ಕ ವ್ಯಾನಲ್ಲಿ ಕೂತ್ಕೊಂಡು ಎಮಿಷನ್ ಸರ್ಟಿಫಿಕೇಟ್ ಕೊಡ್ತಾರಲ್ಲ, ಆ ಕೆಲ್ಸಾನಾ?" ಅದಲ್ಲ. ಟಿ. ದಾಸರಹಳ್ಳಿಯ ಆಚೆ ಡೀಸೆಲ್ ಗೂಡ್ಸ್ ಗಾಡಿ ತಯಾರಿಸುವ ಕಾರ್ಖಾನೆಯೊಂದಿದೆ. ಗಾಡಿ ಯಾವ ದೇಶಕ್ಕೆ ಹೋಗುತ್ತದೋ ಆ ದೇಶದ ಹೊಗೆಯ ಕಾನೂನಿಗೆ ಅದು ಒಪ್ಪುತ್ತದೆ ಎಂದು ಕಾಗದ ಸಿದ್ಧಪಡಿಸುವುದು ಅಲ್ಲಿ ನನ್ನ ಕೆಲಸ. ಗಾಡಿ ಒಂದೇ, ಕಾನೂನು ಹಲವು. ಒಂದು ದೇಶ ಹೊಗೆಯಲ್ಲಿರುವ ಮಸಿಯನ್ನು ತೂಗಿ ಸುಮ್ಮನಾಗುತ್ತದೆ. ಇನ್ನೊಂದಕ್ಕೆ ತೂಕ ಸಾಲದು, ಮಸಿಯ ಕಣಗಳನ್ನು ಎಣಿಸಿಯೂ ಕೊಡಬೇಕು. ಮತ್ತೊಂದು ಕಡೆ ಸಿಗುವ ಡೀಸೆಲ್ಲೇ ಎಷ್ಟು ಒರಟೆಂದರೆ, ನಮ್ಮ ನಾಜೂಕಿನ ಫಿಲ್ಟರ್ ಹಾಕಿ ಕಳಿಸಿದರೆ ಅದು ಬೇಗನೆ ಕಟ್ಟಿಕೊಂಡು ಕೂರುತ್ತದೆ. ಇದರಲ್ಲಿ ನನಗೆ ವಿಚಿತ್ರವೇನೂ ಕಾಣುವುದಿಲ್ಲ. ಹುಣಸಮಾರನಹಳ್ಳಿಯಲ್ಲಿ ನಮ್ಮ ಅತ್ತೆ ಹಿತ್ತಿಲಲ್ಲಿ ಮೆಣಸಿನಕಾಯಿ ಹುರಿದರೆ ಅಕ್ಕಪಕ್ಕದವರು "ಸಾರಿನ್ ಪುಡೀನಾ? ನಮ್ಗೂ ಒಂಚೂರು" ಎನ್ನುತ್ತಾರೆ. ಅದೇ ಮೆಣಸಿನಕಾಯಿಯನ್ನು ಸಂಜಯನಗರದ ನಮ್ಮ ಫ್ಲ್ಯಾಟಿನಲ್ಲಿ ಹೆಂಡತಿ ಹುರಿದರೆ ಮೂರು ಮನೆಯವರು ಕೆಮ್ಮುತ್ತಾ ಬಂದು ಬೆಲ್ ಒತ್ತುತ್ತಾರೆ.

ನನಗೊಂದು ದೌರ್ಬಲ್ಯವಿದೆ: ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ಒಮ್ಮೆ ಹೆಬ್ಬಾಳದಲ್ಲಿ ನನ್ನ ಕಣ್ಣೆದುರೇ ಕಾರೊಂದು ಸ್ಕೂಟರಿಗೆ ತಗುಲಿತು. ಯಾರಿಗೂ ಪೆಟ್ಟಾಗಲಿಲ್ಲ. ಪೊಲೀಸರು ಕಾರಿನ ಬಣ್ಣ ಕೇಳಿದರು. "ನೀಲಿ ಇರಬಹುದು, ಕಡುಹಸಿರೂ ಇರಬಹುದು, ಕಣ್ಣಿಗೆ ಬಿಸಿಲು ಹೊಡೀತಿತ್ತು. ಆದ್ರೆ ಎಡಗಡೆ ಇಂಡಿಕೇಟರ್ ಎರಡು ಸಲ ಮಿನುಗಿದ್ದು ಖಂಡಿತ" ಎಂದೆ. "ಸಾರ್, ನೀವು ಮನೇಗ್ ಹೋಗಿ" ಎಂದರು. ಈ ಗುಣಕ್ಕೆ ಬೆಲೆ ಸಿಕ್ಕಿದ್ದು ಕಾರ್ಖಾನೆಯಲ್ಲಿ ಮಾತ್ರ. ಪ್ರತಿ ಪರೀಕ್ಷೆಯ ಹಾಳೆಯ ಕೊನೆಯಲ್ಲಿ 'ಸಾಕ್ಷಿ' ಎಂದು ಒಂದು ಜಾಗವಿದೆ. ಅಲ್ಲಿ ಬೀಳುವ ಸಹಿ ನನ್ನದು.

ಈಚೆಗೆ, ಕಣ ಎಣಿಸುವ ದೇಶದ ಪರೀಕ್ಷಕರೊಬ್ಬರು ಬಂದರು. ಅವತ್ತು ಗಾಡಿ ಪಾಸಾಗದಿದ್ದರೆ ಅಂಗಳದಲ್ಲಿ ನಿಂತ ಅಷ್ಟೂ ಗಾಡಿಗಳಿಗೆ ಶನಿವಾರದ ಹಡಗು ತಪ್ಪುತ್ತಿತ್ತು. ಆ ಭಯಕ್ಕೆ ನಾನು ಎಲ್ಲರಿಗಿಂತ ಮೊದಲು ಹೋಗಿ ಗಣಪತಿ ಪಟಕ್ಕೆ ಎರಡು ಊದುಬತ್ತಿ ಹಚ್ಚಿದೆ. ಪರೀಕ್ಷೆಯ ಕೋಣೆಯೊಳಗೆ ಹೊಗೆ ಮಾಡಬಾರದೆಂದು ನನಗೆ ಗೊತ್ತಿತ್ತು. ಪಟ ಇದ್ದದ್ದು ಹೊರಗಿನ ಗೋಡೆಯಲ್ಲಿ. ಪಟದ ಮೇಲಿನ ಜಾಲರಿಯಿಂದಲೇ ಕೋಣೆಗೆ ಗಾಳಿ ಹೋಗುವುದೆಂದೂ ಗೊತ್ತಿತ್ತು. ಆದರೆ ಈ ಎರಡು ತಿಳಿವಳಿಕೆಗಳು ಆ ಬೆಳಿಗ್ಗೆ ಒಂದನ್ನೊಂದು ಸಂಧಿಸಲಿಲ್ಲ.

ಪರೀಕ್ಷೆಗೆ ಮೊದಲು ಕೋಣೆಯ ಬರಿಯ ಗಾಳಿಯನ್ನು ಅಳೆಯುವುದು ಕ್ರಮ. ಅಳೆದರೆ, ಮೀಟರಿನ ಅಂಕಿ ಏರುತ್ತಲೇ ಹೋಯಿತು. ಗಾಡಿಯೊಳಗೆ ಕೂತಿದ್ದ ಗದಗಿನ ಡ್ರೈವರ್ ಬಸವರಾಜ ತಲೆ ಹೊರಗೆ ಹಾಕಿದ. "ಸರ, ಗಾಡಿ ಇನ್ನಾ ಚಾಲೂನ ಮಾಡಿಲ್ರಿ. ಹೊಗಿ ಎಲ್ಲಿಂದ ಬಂತು?"

ಮ್ಯಾನೇಜರ್ ಪ್ರಭಾಕರ್ ನನ್ನ ಕಿವಿಯಲ್ಲಿ, "ಮೀಟರ್ ಕೆಟ್ಟಿದೆ ಅಂತ ಬರ್ದು ಸೈನ್ ಹಾಕ್ರೀ. ಹಡಗು ಕಾಯಲ್ಲ ಕಣ್ರೀ" ಎಂದರು.

"ಮೀಟರ್ ಕೆಟ್ಟಿಲ್ರಿ ಸರ" ಎಂದ, ಅದನ್ನು ಕೇಳಿಸಿಕೊಂಡ ಬಸವರಾಜ, ಮೂಗರಳಿಸಿ. "ಮಲ್ಲಿಗಿ ವಾಸನಿ ಬರಾಕತ್ತೈತಿ. ನಮ್ಮ ಎಂಜಿನ್ ಯಾವತ್ತರ ಇಷ್ಟು ಘಮಾಘಮಾ ಹೊಗಿ ಬಿಟ್ಟೈತೇನ್ರಿ?"

ನಾನು ಹಾಳೆಯಲ್ಲಿ ಬರೆದೆ: ಹೊಗೆಯ ಮೂಲ, ಊದುಬತ್ತಿ, ಎರಡು. ಹಚ್ಚಿದವರು, ಸಾಕ್ಷಿ. ಉದ್ದೇಶ, ಗಾಡಿ ಪಾಸಾಗಲಿ ಎಂದು. ಪರೀಕ್ಷಕರು ಅದನ್ನು ಎರಡು ಸಲ ಓದಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಎರಡೂ ಕಡ್ಡಿಗಳು ಒಂದೇ ಉದ್ದವಿದ್ದವೇ ಎಂದು ಕೇಳಿದರು. "ಹಚ್ಚುವಾಗ ಹೌದು" ಎಂದೆ. ಅದನ್ನೂ ಬರೆದುಕೊಂಡರು. ಜೀವನದಲ್ಲಿ ಮೊದಲ ಸಲ ನನಗೆ ನನ್ನ ಜಾತಿಯ ಮನುಷ್ಯ ಸಿಕ್ಕಿದ್ದ.

ಕಡ್ಡಿ ಆರಿಸಿ, ಕೋಣೆಗೆ ಹೊಸ ಗಾಳಿ ಬಿಟ್ಟು, ಮಧ್ಯಾಹ್ನ ಮತ್ತೆ ಪರೀಕ್ಷಿಸಿದಾಗ ಗಾಡಿ ಪಾಸಾಯಿತು. ಹಡಗೂ ಸಿಕ್ಕಿತು. ಆದರೆ ನನ್ನ ಹಾಳೆ ಕಡತದ ಜೊತೆ ಆ ದೇಶಕ್ಕೆ ಹೋಗಿತ್ತು. ಅಲ್ಲಿನ ಕಚೇರಿಯಿಂದ ಪತ್ರ ಬಂತು. ಊದುಬತ್ತಿ ಈ ಗಾಡಿಯ ಹೊಗೆ ನಿಯಂತ್ರಣ ಸಾಧನಗಳಲ್ಲಿ ಒಂದೇ? ಹೌದಾದರೆ ಎಷ್ಟು ಕಿಲೋಮೀಟರಿಗೊಮ್ಮೆ ಬದಲಿಸಬೇಕು?

"'ಅಲ್ಲ' ಅಂತ ಒಂದೇ ಪದ ಬರೀರಿ, ಪುಣ್ಯಾತ್ಮರೇ" ಎಂದರು ಪ್ರಭಾಕರ್. "ಕಡ್ಡಿ ಉದ್ದ ಗಿದ್ದ ಅಂತ ಶುರು ಮಾಡ್ಬೇಡಿ."

ಒಂದೇ ಪದ ಬರೆದೆ. ಮನೆಗೆ ಬಂದು ಹೇಳಿದರೆ ಹೆಂಡತಿ ಸೊಂಟಕ್ಕೆ ಕೈಯಿಟ್ಟಳು. "ಅಂದ್ರೆ? ಗಾಡಿ ಪಾಸ್ ಮಾಡಿದ್ದು ಗಣಪತಿ ಅಲ್ಲ ಅಂತ ಬರ್ದ್‌ಕೊಟ್ಟು ಬಂದ್ರಾ?"

ಊದುಬತ್ತಿ ಸಾಧನವಲ್ಲ ಎಂದಷ್ಟೇ ಬರೆದೆ, ಗಣಪತಿಯ ಬಗ್ಗೆ ಅವರು ಕೇಳಿರಲಿಲ್ಲ, ಎಂದೆ. ನನಗೇ ಅದು ಪೊಳ್ಳಾಗಿ ಕೇಳಿಸಿತು. ಗಾಡಿಯನ್ನು ಪಾಸು ಮಾಡಿದ್ದು ಯಾರು ಎಂಬುದೊಂದನ್ನು ಮಾತ್ರ ಈ ಸಾಕ್ಷಿ ಕಣ್ಣಾರೆ ಕಂಡಿರಲಿಲ್ಲ.

ಬರುವ ತಿಂಗಳು ಇನ್ನೊಂದು ದೇಶದ ಗಾಡಿಯ ಪರೀಕ್ಷೆ. ಅವರು ಮಸಿಯನ್ನು ತೂಗುತ್ತಾರೆ ಅಷ್ಟೇ, ಕಣ ಎಣಿಸುವುದಿಲ್ಲ. ಅವರ ನಿಯಮಗಳನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದ್ದೇನೆ. ನನ್ನ ಲೆಕ್ಕದಲ್ಲಿ, ಎರಡು ಕಡ್ಡಿಗೆ ಅಡ್ಡಿಯಿಲ್ಲ.